ಹತ್ತು ಸೆಕೆಂಡಿನ ಲೆಕ್ಕ

ಸೋಮವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಂತವರಿಗೆ ಗೊತ್ತು, ಸಾಲು ಒಂದೇ ಸಮನೆ ಬೆಳೆಯುವುದಿಲ್ಲ. ಹಳ್ಳಿ ಬಸ್ಸು ಬಂದರೆ ಇಪ್ಪತ್ತು ಜನ ಒಟ್ಟಿಗೆ ಬರುತ್ತಾರೆ; ಆಮೇಲೆ ಕಾಲು ಗಂಟೆ ಯಾರೂ ಇರುವುದಿಲ್ಲ. ಹಿಂದೆ ಹೆಸರು, ವಯಸ್ಸು, ಊರು ಬರೆದು ಚೀಟಿ ಹರಿದುಕೊಟ್ಟರೆ ಮುಗಿಯಿತು. ಈಗ ಮೊಬೈಲ್ ನಂಬರ್ ಕೇಳಬೇಕು, ಆಭಾ ಎಂಬ ಡಿಜಿಟಲ್ ಆರೋಗ್ಯ ಸಂಖ್ಯೆ ಇದೆಯೇ ನೋಡಬೇಕು, ಒಟಿಪಿಗೆ ಕಾಯಬೇಕು. ಅಜ್ಜಿಯ ಹೆಸರಿನ ಫೋನು ಮಗನ ಕೈಲಿ, ಮಗ ತೋಟದಲ್ಲಿ.

ಒಂದು ಲೆಕ್ಕ ಹಾಕೋಣ, ಅಂಕಿಗಳು ಊಹೆಯವೇ ಇರಲಿ. ಗಂಟೆಗೆ ಸರಾಸರಿ 40 ಜನ ಬರುತ್ತಾರೆ, ಕೌಂಟರಿನಲ್ಲಿ ಒಬ್ಬರೇ ಸಿಬ್ಬಂದಿ, ಚೀಟಿಗೆ ಸರಾಸರಿ 75 ಸೆಕೆಂಡು. ಸರದಿ ಸಾಲಿನ ಸರಳ ಸೂತ್ರದ ಪ್ರಕಾರ ದೀರ್ಘಾವಧಿಯಲ್ಲಿ ಒಬ್ಬರು ಕಾಯಬೇಕಾದ್ದು ಸುಮಾರು 6 ನಿಮಿಷ. ಹೊಸ ಸಾಫ್ಟ್‌ವೇರ್ ಚೀಟಿಗೆ ಬರೀ 10 ಸೆಕೆಂಡು ಹೆಚ್ಚು ತಿಂದರೆ? ಕಾಯುವುದು 24 ನಿಮಿಷ. 90 ಸೆಕೆಂಡಾದರೆ ಸಾಲು ಕರಗುವುದೇ ಇಲ್ಲ. ಆ ಹತ್ತು ಸೆಕೆಂಡು ಯಾವ ಟೆಂಡರಿನಲ್ಲೂ ಕಾಣುವುದಿಲ್ಲ. ಸಾಲಿನಲ್ಲಿ ನಿಂತ ಗರ್ಭಿಣಿಯ ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ಈ ಗಣಿತ ಹಳೆಯದು. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳಿಗಾಗಿ ಇದನ್ನು ಶುರುಮಾಡಿದರು. ಬ್ರಿಟನ್ನಿನ ನಾರ್ಮನ್ ಬೈಲಿ 1952ರಲ್ಲಿ ಇದನ್ನು ಆಸ್ಪತ್ರೆಯ ಹೊರರೋಗಿಗಳ ಸಾಲಿಗೆ ತಂದರು. ಆದರೆ ಬಸ್ಸಿನಿಂದ ಗುಂಪಾಗಿ ಇಳಿಯುವ ಜನ, ಹನ್ನೊಂದು ಗಂಟೆಗೆ ಕೈಕೊಡುವ ಸರ್ವರ್, ಹೆರಿಗೆ ಕೇಸು ಬಂದು ನಡುವೆ ಎದ್ದುಹೋಗುವ ಡಾಕ್ಟರು, ಇವೆಲ್ಲ ಸರಳ ಸೂತ್ರಕ್ಕೆ ಸಿಕ್ಕುವುದಿಲ್ಲ. ಅದಕ್ಕೇ ಸಿಮ್ಯುಲೇಷನ್ ಬೇಕು. ಇಡೀ ಆಸ್ಪತ್ರೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಕಾಲ್ಪನಿಕ ರೋಗಿಗಳನ್ನು ಕಳಿಸಿ, ಒಂದೇ ಸೋಮವಾರವನ್ನು ಸಾವಿರ ಸಲ ನಡೆಸಿ ನೋಡುವುದು. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಸಂಶೋಧಕರು ಕೋವಿಡ್ ಹರಡುವಿಕೆ ತಿಳಿಯಲು ಇಡೀ ಬೆಂಗಳೂರನ್ನೇ ಹೀಗೆ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಬೆಂಗಳೂರಿಗೆ ಆದದ್ದು ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೂ ಆಗಬೇಕು.

ಯಾಕೆಂದರೆ ಈ ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಒಂದೇ ಅಳತೆಯ ಅಂಗಿ ಹೊಲಿಯಲಾಗದು. ಕಡೂರು ಬಯಲುಸೀಮೆ, ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿದೆ. ಅಪಘಾತದ ಕೇಸು ಯಾವ ಗಳಿಗೆಯಲ್ಲೂ ಬರಬಹುದು. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಬೇರೆ ತಾಲ್ಲೂಕು. ಈರುಳ್ಳಿ ಕೀಳುವ ವಾರಗಳಲ್ಲಿ ಅಲ್ಲಿ ಚೀಟಿ ಕಡಿಮೆಯಾಗಿ, ಮುಂದಿನ ವಾರ ಉಕ್ಕುತ್ತದೆಯೇ? ಸಿಮ್ಯುಲೇಷನ್ ಕೇಳಬೇಕಾದ ಪ್ರಶ್ನೆ ಇಂಥದ್ದು. ತರೀಕೆರೆಯದು ಇನ್ನೂ ಕಠಿಣ. ಜಿಲ್ಲೆ ಚಿಕ್ಕಮಗಳೂರಾದರೂ ಊರಿಗೆ ಹತ್ತಿರವಿರುವುದು ಶಿವಮೊಗ್ಗ. ರೋಗಿ ಅಲ್ಲಿನ ಮೆಗ್ಗಾನ್ ಆಸ್ಪತ್ರೆಗೆ ಹೋದರೆ ಅವನ ಹಿಂದೆಯೇ ಅವನ ದಾಖಲೆಯೂ ಜಿಲ್ಲೆಯ ಗಡಿ ದಾಟಬೇಕು. ಲಕ್ಕವಳ್ಳಿ ಕಡೆಯ ಕಾಡಂಚಿನಲ್ಲಿ ನೆಟ್‌ವರ್ಕ್ ಎರಡು ಗಂಟೆ ಇಲ್ಲದಿದ್ದರೆ ಆ ದಾಖಲೆಯ ಗತಿಯೇನು ಎಂಬುದನ್ನು ಹೊಸ ಕಂಪ್ಯೂಟರ್ ಪೆಟ್ಟಿಗೆಗಳು ಬಂದಿಳಿಯುವ ಮೊದಲೇ ಪರೀಕ್ಷಿಸಿ ನೋಡಬಹುದು.

ನನಗೆ ಅತಿ ಮುಖ್ಯ ಅನಿಸುವುದು ಉಪಕೇಂದ್ರದ ಸಿಸ್ಟರ್ ವಿಷಯ. ಒಬ್ಬ ಗರ್ಭಿಣಿಯ ಬಿ.ಪಿ., ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ತಾಯಿ-ಮಗು ಆರೋಗ್ಯದ ಆರ್‌ಸಿಎಚ್ ಪೋರ್ಟಲಿಗೆ ಏರಿಸಬೇಕು. ಕ್ಷಯದ ಕೇಸಾದರೆ ನಿಕ್ಷಯ್ ಪೋರ್ಟಲ್ ಬೇರೆ. ಹೊಸ ಆ್ಯಪ್ ಒಂದು ಬಂದರೆ ಅವರ ದಿನದ ಎಷ್ಟು ನಿಮಿಷ ಮನೆ ಭೇಟಿಯಿಂದ ಕಳೆದುಹೋಗುತ್ತದೆ? ‘ಶೇಕಡ ನೂರು ಡೇಟಾ ಎಂಟ್ರಿ’ ಆಗಿದೆ ಎನ್ನುವ ವರದಿ ಇದಕ್ಕೆ ಉತ್ತರವಲ್ಲ. ವ್ಯವಸ್ಥೆ ಗೆದ್ದಿತೋ ಸೋತಿತೋ ಎಂಬುದನ್ನು ರೋಗಿ ಕಾದ ಹೊತ್ತಿನಿಂದ, ಸಿಸ್ಟರ್ ಹೋದ ಮನೆಗಳ ಲೆಕ್ಕದಿಂದ ಅಳೆಯಬೇಕು.

ಇದಕ್ಕೆ ದೊಡ್ಡ ದುಡ್ಡು ಬೇಡ. ಉಚಿತ ಸಾಫ್ಟ್‌ವೇರುಗಳಿವೆ, ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೇಕಾದದ್ದು ಸರಿಯಾದ ಅಳತೆ. ಮೂರೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಕಂಪ್ಯೂಟರ್ ಬರುವ ಮುಂಚೆ, ಗಡಿಯಾರ ಕೊಟ್ಟು ಇಬ್ಬರು ವಿದ್ಯಾರ್ಥಿಗಳನ್ನು ಒಂದು ವಾರ ನಿಮ್ಮ ಚೀಟಿ ಕೌಂಟರಿನ ಪಕ್ಕ ಕೂರಿಸಿ.