ಕಲ್ಲು ಗಟ್ಟಿ ಇದ್ದರೆ ಸಾಲದು, ಹಿಡಿದ ಬಿಲ್ಲೆಯೂ ನೆಟ್ಟಗಿರಬೇಕು

ಹೊಸೂರು: ಆಯುಧಪೂಜೆ ಬಂತೆಂದರೆ ಇಲ್ಲಿನ ವರ್ಕ್‌ಶಾಪುಗಳಲ್ಲಿ ಗ್ರೈಂಡಿಂಗ್ ಮಷೀನಿಗೂ ಅರಿಶಿನ ಕುಂಕುಮ, ಹೂವು, ಬೂದುಗುಂಬಳಕಾಯಿ ತಪ್ಪುವುದಿಲ್ಲ. ಆವತ್ತು ಮಷೀನು ಫಳಫಳ ಹೊಳೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದೇ ಮಷೀನಿನ ಒಂದು ಭಾಗದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಅದೇ ಚಕ್ರವನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಫ್ಲಾಂಜ್ ಬಿಲ್ಲೆ, ಅದರ ನಟ್ಟು ಮತ್ತು ಸುತ್ತಲಿನ ಗಾರ್ಡು.

ಚಕ್ರ ಒಡೆದರೆ ಎಲ್ಲರೂ ಬೈಯುವುದು ಚಕ್ರವನ್ನು. 'ಡೂಪ್ಲಿಕೇಟ್ ಮಾಲು ಕೊಟ್ಟುಬಿಟ್ಟ' ಎಂದು ಅಂಗಡಿಯವನ ಮೇಲೆ ಸಿಟ್ಟು. ಮಾಲು ಕೆಟ್ಟದಿರಬಹುದು, ಇಲ್ಲವೆನ್ನಲಾಗದು. ಆದರೆ ಒಳ್ಳೆಯ ಚಕ್ರವೂ ಕೆಟ್ಟ ಹಿಡಿತದಲ್ಲಿ ಒಡೆಯುತ್ತದೆ. ಹಿಡಿತ ಸರಿಮಾಡುವುದು ಕಂಪನಿಯ ಕೈಲಿಲ್ಲ, ಮಷೀನಿನ ಮುಂದೆ ನಿಂತವರ ಕೈಲಿದೆ.

ಈ ಮಾತು ಹೊಸೂರಿಗೆ ಹೆಚ್ಚು ಸಲ್ಲುತ್ತದೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ನಂಥ ದೊಡ್ಡ ಕಾರ್ಖಾನೆಗಳ ಜೊತೆ ಬಿಡಿಭಾಗ ಮಾಡುವ ಸಣ್ಣ ಶೆಡ್ಡುಗಳೂ ಬೆಳೆದವು. ಡೈಮಂಡ್ ಚಕ್ರ ತಯಾರಿಸುವ ವೆಂಟ್ ಇಂಡಿಯಾ ಕೂಡ ಇದೇ ಊರಿನದು. ತಳಿ, ಡೆಂಕಣಿಕೋಟೆ, ಬಾಗಲೂರು, ಮತ್ತಿಗಿರಿ ಕಡೆಯ ಕನ್ನಡ ಮನೆಗಳ ಹುಡುಗರು ಹತ್ತನೇ ಕ್ಲಾಸೋ ಐಟಿಐಯೋ ಮುಗಿಸಿ ಮೊದಲು ಹೆಲ್ಪರ್ ಆಗಿ ಸೇರುವುದು ಇಂಥ ಶೆಡ್ಡುಗಳಿಗೆ. ಮೊದಲ ದಿನ ಕೈಗೆ ಸಿಗುವ ಮಷೀನು ಬಹುಮಟ್ಟಿಗೆ ಗ್ರೈಂಡರೇ.

ತೂತಿಗಲ್ಲ, ಬಿಲ್ಲೆಗೆ ಹಿಡಿತ

ಚಕ್ರದ ನಡುವಿನ ತೂತು ಸ್ಪಿಂಡಲ್ಲಿಗೆ ಬಿಗಿಯಾಗಿ ಕೂರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ತೂತು ಸಲೀಸಾಗಿ ಜಾರಿ ಕೂರಬೇಕು. ಸುತ್ತಿಗೆಯಿಂದ ತಟ್ಟಿ ಕೂರಿಸಿದರೆ ಅಲ್ಲೇ ಸೀಳು ಬಿಡುತ್ತದೆ. ಸ್ಪಿಂಡಲ್ ಬಿಸಿಯಾಗಿ ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ಬಿಗಿಯಾಗಿ ಕೂತ ಚಕ್ರ ಒಳಗಿನಿಂದಲೇ ಬಿರಿಯುತ್ತದೆ.

ನಿಜವಾದ ಹಿಡಿತ ಇರುವುದು ಎರಡು ಬಿಲ್ಲೆಗಳಲ್ಲಿ. ಬೆಂಚ್ ಗ್ರೈಂಡರ್‌ನ ಬಿಲ್ಲೆಯ ಒಳಮೈ ನಡುವೆ ತಗ್ಗಾಗಿರುತ್ತದೆ, ಅಂಚಿನ ಪಟ್ಟಿ ಮಾತ್ರ ಚಕ್ರಕ್ಕೆ ತಾಗುತ್ತದೆ. ಒತ್ತಡ ತೂತಿನ ಬಳಿ ಬೀಳದೆ ಗಟ್ಟಿ ಜಾಗಕ್ಕೆ ಹೋಗಲಿ ಎಂದೇ ಈ ಏರ್ಪಾಡು. ಎರಡೂ ಬಿಲ್ಲೆ ಒಂದೇ ಅಳತೆಯವಾಗಿರಬೇಕು, ಚಕ್ರದ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಚಿಕ್ಕವಾಗಿರಬಾರದು. ಒಂದು ದೊಡ್ಡದು ಒಂದು ಚಿಕ್ಕದು ಹಾಕಿ ಬಿಗಿದರೆ ಚಕ್ರವನ್ನು ಬಗ್ಗಿಸಿದಂತೆಯೇ ಲೆಕ್ಕ. ಕಲ್ಲಿನಂಥ ಚಕ್ರ ಬಾಗುವುದಿಲ್ಲ, ಒಡೆಯುತ್ತದೆ.

ಚಕ್ರದ ಎರಡೂ ಮಗ್ಗುಲಿಗೆ ಅಂಟಿಸಿರುವ ದುಂಡನೆ ಕಾಗದವನ್ನು ಕೆಲವರು ಲೇಬಲ್ ಎಂದುಕೊಂಡು ಕಿತ್ತೆಸೆಯುತ್ತಾರೆ. ಅದು ಲೇಬಲ್ ಮಾತ್ರವಲ್ಲ, ಮೆತ್ತೆಯೂ ಹೌದು. ಚಕ್ರದ ಮೈ ಉಬ್ಬುತಗ್ಗಾಗಿರುತ್ತದೆ. ಕಾಗದ ನಡುವೆ ಇದ್ದರೆ ಬಿಲ್ಲೆಯ ಒತ್ತಡ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ.

ನಟ್ಟು ಬಿಗಿಯುವುದಕ್ಕೂ ಒಂದು ಮಿತಿ ಇದೆ. ಚಕ್ರ ಜಾರದಷ್ಟು ಬಿಗಿದರೆ ಸಾಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುವಿದರೆ ಬಿಲ್ಲೆ ಸೊಟ್ಟಗಾಗುತ್ತದೆ. ಎರಡು ಕಡೆ ಚಕ್ರವಿರುವ ಬೆಂಚ್ ಗ್ರೈಂಡರ್‌ನಲ್ಲಿ ಎಡಗಡೆಯ ನಟ್ಟಿಗೆ ಉಲ್ಟಾ ಥ್ರೆಡ್ ಇರುವುದು ಸುಮ್ಮನೆ ಅಲ್ಲ. ಚಕ್ರ ತಿರುಗಿದಷ್ಟೂ ನಟ್ಟು ತಾನೇ ಬಿಗಿಯಾಗಲಿ, ಸಡಿಲವಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ಹೊಸ ಹುಡುಗರು ಇದು ತಿಳಿಯದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿದುಬಿಡುವುದುಂಟು.

ಸವೆದಂತೆ ಸರಿಸಬೇಕು

ಬೆಂಚ್ ಗ್ರೈಂಡರ್‌ನ ಮುಂದೆ ಕೆಲಸದ ತುಂಡನ್ನು ಊರಿ ಹಿಡಿಯಲು ಒಂದು ರೆಸ್ಟ್ ಇರುತ್ತದೆ. ಚಕ್ರಕ್ಕೂ ರೆಸ್ಟಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಮೇಲ್ಗಡೆ ಗಾರ್ಡಿನ ನಾಲಿಗೆಯಂಥ ಪಟ್ಟಿಗೂ ಚಕ್ರಕ್ಕೂ 6 ಮಿ.ಮೀ. ಮೀರಬಾರದು. ಇವು ಎಷ್ಟೋ ದೇಶಗಳ ವರ್ಕ್‌ಶಾಪುಗಳಲ್ಲಿ ಒಪ್ಪಿಕೊಂಡಿರುವ ಅಳತೆಗಳು.

ತೊಂದರೆ ಏನೆಂದರೆ, ಚಕ್ರ ದಿನವೂ ಸವೆಯುತ್ತದೆ, ರೆಸ್ಟ್ ಮಾತ್ರ ಇದ್ದಲ್ಲೇ ಇರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ 3 ಮಿ.ಮೀ. ಸಂದು ಬೆರಳು ತೂರುವಷ್ಟಾಗಿರುತ್ತದೆ. ಆಗ ಸಣ್ಣ ತುಂಡನ್ನು ಉಜ್ಜಲು ಹೋದರೆ ಚಕ್ರ ಅದನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ತುಂಡು ಸಂದಿಯಲ್ಲಿ ಸಿಕ್ಕಿಕೊಂಡು ಚಕ್ರ ಸಿಡಿಯುತ್ತದೆ. ತುಂಡಿನ ಹಿಂದೆಯೇ ಬೆರಳೂ ಹೋಗುತ್ತದೆ. ರೆಸ್ಟಿಗೆ ಸರಿಸುವ ಬೋಲ್ಟು ಕೊಟ್ಟಿರುವುದು ಇದಕ್ಕಾಗಿಯೇ. ಮಷೀನು ಪೂರ್ತಿ ನಿಲ್ಲಿಸಿ ಸರಿಸಿದರೆ ಎರಡು ನಿಮಿಷದ ಕೆಲಸ.

ಜಾರುವ ತೂಕದ ಬಿಲ್ಲೆ

ದೊಡ್ಡ ಸರ್ಫೇಸ್ ಗ್ರೈಂಡರ್, ಸಿಲಿಂಡ್ರಿಕಲ್ ಗ್ರೈಂಡರ್‌ಗಳ ಫ್ಲಾಂಜ್ ಇನ್ನೂ ಸೂಕ್ಷ್ಮದ ವಸ್ತು. ಅದರ ಮುಖದಲ್ಲಿ ಸುತ್ತಲೂ ಒಂದು ಕಾಲುವೆ ಕೊರೆದಿರುತ್ತಾರೆ. ಆ ಕಾಲುವೆಯಲ್ಲಿ ಎರಡೋ ಮೂರೋ ಸಣ್ಣ ತೂಕದ ತುಣುಕು. ಸ್ಕ್ರೂ ಸಡಿಲಿಸಿದರೆ ಅವು ಜಾರುತ್ತವೆ, ಬಿಗಿದರೆ ಅಲ್ಲೇ ನಿಲ್ಲುತ್ತವೆ.

ಯಾವ ಚಕ್ರವೂ ಎಲ್ಲ ಕಡೆ ಒಂದೇ ತೂಕ ಇರುವುದಿಲ್ಲ. ಹಾಗಾಗಿ ಮಷೀನಿಗೆ ಏರಿಸುವ ಮೊದಲೇ ಚಕ್ರವನ್ನು ಫ್ಲಾಂಜ್ ಸಮೇತ ಒಂದು ಸಲಾಕೆಗೆ ತೊಡಿಸಿ ಬ್ಯಾಲೆನ್ಸಿಂಗ್ ಸ್ಟ್ಯಾಂಡಿನ ಮೇಲೆ ಇಡುತ್ತಾರೆ. ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರದ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಮೇಲ್ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ತೂಕದ ತುಣುಕುಗಳನ್ನು ಆ ಹಗುರ ಬದಿಯತ್ತ ಸ್ವಲ್ಪ ಸ್ವಲ್ಪವೇ ಸರಿಸಬೇಕು. ಹೇಗೆ ತಿರುಗಿಸಿ ಬಿಟ್ಟರೂ ಚಕ್ರ ಬಿಟ್ಟಲ್ಲೇ ನಿಂತರೆ ಬ್ಯಾಲೆನ್ಸ್ ಆಯಿತೆಂದು ಅರ್ಥ.

ಇಷ್ಟಕ್ಕೇ ಮುಗಿಯದು. ಮಷೀನಿಗೆ ಏರಿಸಿ, ಡೈಮಂಡ್ ಮೊನೆಯಿಂದ ಚಕ್ರದ ಮೈ ಸಮ ಮಾಡಿದ ಮೇಲೆ ತೂಕ ಮತ್ತೆ ಬದಲಾಗಿರುತ್ತದೆ. ಅನುಭವಸ್ಥರು ಮತ್ತೊಮ್ಮೆ ಇಳಿಸಿ ಬ್ಯಾಲೆನ್ಸ್ ನೋಡುವುದು ಅದಕ್ಕೇ. ಇನ್ನೊಂದು ಗುಟ್ಟು ಕೂಲೆಂಟ್ ನೀರಿನದು. ಸಂಜೆ ಮಷೀನು ನಿಲ್ಲಿಸುವಾಗ ಮೊದಲು ನೀರು ನಿಲ್ಲಿಸಬೇಕು, ಚಕ್ರ ಸ್ವಲ್ಪ ಹೊತ್ತು ಖಾಲಿ ತಿರುಗಿ ನೀರನ್ನು ಚೆಲ್ಲಿಬಿಡಬೇಕು. ಹಾಗೆ ಮಾಡದಿದ್ದರೆ ರಾತ್ರಿಯೆಲ್ಲ ನೀರು ಕೆಳಭಾಗಕ್ಕೆ ಇಳಿದು, ಬೆಳಿಗ್ಗೆ ಸ್ವಿಚ್ ಹಾಕುತ್ತಲೇ ಚಕ್ರ ಅದುರುತ್ತದೆ.

ಅದುರಿದರೆ ಏನಾಯ್ತು ಎನ್ನಬಹುದು. ಜಾಬ್ ಮೇಲೆ ಅಲೆಅಲೆಯಾಗಿ ಗೆರೆ ಬೀಳುತ್ತದೆ, ಮಾಲು ವಾಪಸು ಬರುತ್ತದೆ. ಸ್ಪಿಂಡಲ್ ಬೇರಿಂಗ್ ಬೇಗ ಹೋಗುತ್ತದೆ. ಸಣ್ಣ ಶೆಡ್ಡಿನವರಿಗೆ ಅದೂ ದೊಡ್ಡ ಪೆಟ್ಟೇ.

ನಾಲ್ಕಿಂಚಿನ ಮಷೀನಿಗೆ ಏಳಿಂಚಿನ ಡಿಸ್ಕ್

ಎಲ್ಲಕ್ಕಿಂತ ಹೆಚ್ಚು ಭಯ ಪಡಬೇಕಾದದ್ದು ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರ್‌ಗೆ. 1954ರಲ್ಲಿ ಜರ್ಮನಿಯ ಒಂದು ಕಂಪನಿ ಮಾರುಕಟ್ಟೆಗೆ ತಂದ ಈ ಮಷೀನು ಇಂದು 'ಎಜಿ ಫೋರ್' ಎಂಬ ಹೆಸರಲ್ಲಿ ಗ್ರಿಲ್ ಅಂಗಡಿ, ಗ್ರಾನೈಟ್ ಕೆಲಸ, ಕೊನೆಗೆ ತೋಟದ ಪಂಪ್‌ಹೌಸಿನವರೆಗೂ ಬಂದಿದೆ.

ಇದರ ಡಿಸ್ಕಿನ ಮೇಲೆ ವೇಗದ ಮಿತಿ ಅಚ್ಚಾಗಿರುತ್ತದೆ. ಈ ಬಗೆಯ ಡಿಸ್ಕುಗಳಿಗೆ ಸಾಮಾನ್ಯವಾಗಿ ಅಂಚಿನ ವೇಗ ಸೆಕೆಂಡಿಗೆ 80 ಮೀಟರ್ ದಾಟಬಾರದು. ಗಂಟೆಗೆ 288 ಕಿ.ಮೀ. ಆಯಿತು! ನಾಲ್ಕಿಂಚಿನ, ಅಂದರೆ 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅಂಚಿನ ವೇಗ ಸುಮಾರು 58 ಮೀಟರ್. ಮಿತಿಯೊಳಗಿದೆ. ಅದೇ ಮಷೀನಿಗೆ ಗಾರ್ಡ್ ಕಿತ್ತು, ತೂತಿಗೊಂದು ಬುಷ್ ಸೇರಿಸಿ, ಏಳಿಂಚಿನ 180 ಮಿ.ಮೀ. ಡಿಸ್ಕ್ ಕಟ್ಟಿದರೆ? ಸೆಕೆಂಡಿಗೆ 103 ಮೀಟರ್ ದಾಟುತ್ತದೆ. 180 ಮಿ.ಮೀ. ಡಿಸ್ಕಿಗೆ ಇರುವ ಮಿತಿ ನಿಮಿಷಕ್ಕೆ ಸುಮಾರು 8,500 ಸುತ್ತು ಮಾತ್ರ. ಡಿಸ್ಕನ್ನು ಹರಿಯಲೆತ್ನಿಸುವ ಬಲ ವೇಗದ ವರ್ಗದಷ್ಟು ಏರುವುದರಿಂದ, ತಡೆಯಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಎಳೆತ ಅದರ ಮೇಲೆ ಬೀಳುತ್ತದೆ.

ಐದಿಂಚಿನ ಡಿಸ್ಕ್ ಹಾಕುವವರೂ ಇದ್ದಾರೆ. ವೇಗದ ಲೆಕ್ಕದಲ್ಲಿ ಅದು ಮಿತಿಯೊಳಗೇ ಬರಬಹುದು, ಆದರೆ ಗಾರ್ಡ್ ಕಿತ್ತರೇ ಹೊರತು ಅದು ಕೂರುವುದಿಲ್ಲ. ನಾಲ್ಕಿಂಚಿನ ಡಿಸ್ಕಿಗೆ 16 ಮಿ.ಮೀ. ತೂತು, ಐದಿಂಚು ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ 22.23 ಮಿ.ಮೀ. ಅಳತೆಯನ್ನು ಬೇರೆ ಬೇರೆ ಇಟ್ಟಿರುವಾಗ ಬುಷ್ ಹಾಕಿ ಅದನ್ನು ಮೀರುವುದು ಜಾಣತನವಲ್ಲ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಇದಕ್ಕೆ ಕಟ್ಟುವುದಂತೂ ಬೇಡವೇ ಬೇಡ. ಹಲ್ಲು ಮರಕ್ಕೆ ಕಚ್ಚಿಕೊಂಡ ಕ್ಷಣ ಮಷೀನು ಕೈಯಿಂದ ಹಾರಿ ಹಿಡಿದವನ ಮೇಲೆಯೇ ಬರುತ್ತದೆ.

ಇದರ ನಟ್ಟಿಗೂ ಎರಡು ಮುಖ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಸ್ವಲ್ಪ ಉಬ್ಬು. ದಪ್ಪ ಗ್ರೈಂಡಿಂಗ್ ಡಿಸ್ಕಿಗೆ ಒಂದು ಮುಖ, ತೆಳು ಕಟಿಂಗ್ ಡಿಸ್ಕಿಗೆ ಇನ್ನೊಂದು. ಯಾವುದಕ್ಕೆ ಯಾವುದೆಂದು ಮಷೀನಿನ ಜೊತೆ ಬರುವ ಪುಸ್ತಕದಲ್ಲಿ ಚಿತ್ರವೇ ಇರುತ್ತದೆ. ಎರಡು ಮೊಳೆಯ ಸ್ಪ್ಯಾನರ್ ಕಳೆದುಹೋಯಿತೆಂದು ಉಳಿ ಸುತ್ತಿಗೆಯಿಂದ ನಟ್ಟು ಬಿಚ್ಚುವುದು ಶೆಡ್ಡುಗಳಲ್ಲಿ ಮಾಮೂಲಿ. ಹಾಗೆ ನಾಲ್ಕು ಸಲ ಹೊಡೆಸಿಕೊಂಡ ನಟ್ಟು ಮತ್ತೆ ಡಿಸ್ಕಿನ ಮೇಲೆ ಸಮನಾಗಿ ಕೂರುವುದಿಲ್ಲ.

ಬೋರ್ಡು ಯಾವ ಭಾಷೆಯಲ್ಲಿ?

1948ರ ಕಾರ್ಖಾನೆ ಕಾಯ್ದೆಯ 30ನೇ ವಿಧಿಯಲ್ಲಿ ಗ್ರೈಂಡಿಂಗ್ ಬಗ್ಗೆ ಸ್ಪಷ್ಟ ಮಾತಿತ್ತು. ಪ್ರತಿ ಮಷೀನಿನ ಬಳಿಯೂ ಚಕ್ರದ ಗರಿಷ್ಠ ವೇಗ, ಸ್ಪಿಂಡಲ್ಲಿನ ವೇಗ ಬರೆದ ಫಲಕ ಇರಬೇಕೆಂದು ಅದು ಹೇಳಿತ್ತು. ಫಲಕಗಳು ಇಂಗ್ಲಿಷಿನಲ್ಲೂ, ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 108ನೇ ವಿಧಿ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ವಿದ್ಯುತ್ ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರು ಸಾಕಿತ್ತು, ಸಂಹಿತೆಯಲ್ಲಿ ಅದು 20. ಮೂರು ನಾಲ್ಕು ಜನರ ಶೆಡ್ಡುಗಳು ಆಗಲೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಬಹುಪಾಲಿನವರ ಭಾಷೆ ಎಂದಾಗ ಗಡಿಯಾಚೆಯ ಕನ್ನಡದ ಹುಡುಗನ ಪಾಡೇನು? ತಮಿಳು ಮಾತಾಡಲು ಬರುತ್ತದೆ, ತೆಲುಗೂ ಬರುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಕಲಿತವನಿಗೆ ಬೋರ್ಡಿನ ಮೇಲಿನ ತಮಿಳು ಅಕ್ಷರ ಸಲೀಸಾಗಿ ಓದಲು ಬಾರದಿರಬಹುದು. ಡಿಸ್ಕಿನ ಮೇಲಿರುವುದು ಇಂಗ್ಲಿಷು. ಹೀಗಾಗಿ ಬಾಯಿಂದ ಬಾಯಿಗೆ ಬಂದ ಪಾಠವೇ ಅವನಿಗೆ ಆಧಾರ. ಹಿರಿಯ ಫಿಟ್ಟರ್ 'ಏನಾಗಲ್ಲ ಬಿಡೋ' ಅಂದರೆ ಅದೇ ವೇದವಾಕ್ಯ.

ಅಂದಹಾಗೆ, ಚಕ್ರದ ಕಣಗಳಿಗೆ ಹಿಂದಿನಿಂದ ಬಳಸುತ್ತಿದ್ದ ಕಲ್ಲಿಗೆ ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ಹೋದದ್ದು ತಮಿಳಿನ 'ಕುರುಂದಂ'ನಿಂದ. ಆ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುತ್ತಿದ್ದ ನಾಡು ಇದು. ಹೆಸರನ್ನೇ ಕೊಟ್ಟ ನಾಡಿಗೆ ಅದನ್ನು ಹಿಡಿಯುವ ಬಗೆ ಹೇಳಿಕೊಡುವುದು ಕಷ್ಟವಾಗಬಾರದು.

ಮನೆಯವರೂ ಇದರಲ್ಲಿ ಒಂದು ಕೆಲಸ ಮಾಡಬಹುದು. ಮಗ ಕೆಲಸದಿಂದ ಬಂದಾಗ ಸಂಬಳ ಎಷ್ಟು, ಓಟಿ ಎಷ್ಟು ಎಂದು ಕೇಳುವ ಜೊತೆಗೆ 'ನಿನ್ನ ಮಷೀನಿಗೆ ಗಾರ್ಡ್ ಇದೆಯೇನಪ್ಪ? ಕಣ್ಣಿಗೆ ಕನ್ನಡಕ ಕೊಟ್ಟಿದ್ದಾರಾ?' ಎಂದೂ ಕೇಳಲಿ. ಇಲ್ಲ ಎಂದರೆ ಶೆಡ್ಡಿನ ಯಜಮಾನರ ಹತ್ತಿರ ಮಾತಾಡುವುದರಲ್ಲಿ ಸಂಕೋಚ ಬೇಡ.

ಗೋಡೆಗೆ ಅಂಟಿಸಿಡಿ

* ಬೆಂಚ್ ಗ್ರೈಂಡರ್‌ಗೆ ಹೊಸ ಕಲ್ಲು ಕಟ್ಟುವ ಮೊದಲು ತೂತಿನಲ್ಲಿ ಸಲಾಕೆ ತೂರಿಸಿ ತೂಗುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದು ನಾದ ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಬಳಸಬೇಡಿ. ರಾಳದ ಡಿಸ್ಕಿನಲ್ಲಿ ಈ ನಾದ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ, ಅದನ್ನು ಕಣ್ಣಿಂದಲೇ ಪರೀಕ್ಷಿಸಿ.

* ಡಿಸ್ಕಿನ ಮೇಲಿನ ಸುತ್ತಿನ ಮಿತಿ ಮಷೀನಿನ ಮೇಲಿರುವ ಸುತ್ತಿಗಿಂತ ಹೆಚ್ಚೇ ಇರಬೇಕು. ತೂತಿನ ಲೋಹದ ಉಂಗುರದ ಮೇಲೆ ಅವಧಿ ಅಚ್ಚಾಗಿದ್ದರೆ ಅದನ್ನೂ ನೋಡಿ. ಅವಧಿ ಮುಗಿದದ್ದು, ನೀರು ಕುಡಿದದ್ದು ಬೇಡ.

* ಬಿಲ್ಲೆಯ ಮೇಲಿನ ಧೂಳು, ಕಿಡಿಯ ಚೂರು ಒರೆಸಿ. ಸೊಟ್ಟಗಾದ ಬಿಲ್ಲೆ, ಸವೆದ ನಟ್ಟು ತಕ್ಷಣ ಬದಲಿಸಿ. ಬುಷ್ ಹಾಕಿ ಅಳತೆ ಕೂಡಿಸಬೇಡಿ.

* ಹೊಸ ಚಕ್ರ ಕಟ್ಟಿದ ಮೇಲೆ ಗಾರ್ಡ್ ಸಮೇತ ಒಂದು ನಿಮಿಷ ಖಾಲಿ ಓಡಿಸಿ. ಆಗ ಎದುರು ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ.

* ಡಿಸ್ಕ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ.

* ಕಣ್ಣಿಗೆ ಗಾಗಲ್ಸ್ ಕಡ್ಡಾಯ. ಲುಂಗಿ, ಸಡಿಲ ತೋಳು, ಇಳಿಬಿದ್ದ ದಾರ ಮಷೀನಿನ ಬಳಿ ಬೇಡ.