ಮುಳ್ಳಿನಿಂದ ಮುಳ್ಳು: ಜನಪದ ರೋಗಕಲ್ಪನೆ ಮತ್ತು ಬಿ.ಸಿ.ಜಿ. ಚಿಕಿತ್ಸೆ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯು ತನ್ನ ಮಲ್ಲಿಕಾರ್ಜುನ ದೇವಾಲಯ ಹಾಗೂ ವಿಜಯನಗರ ಕಾಲದ ಮೆಟ್ಟಿಲುಬಾವಿಯಿಂದ ಇತಿಹಾಸಕಾರರಿಗೆ ಪರಿಚಿತವಾದ ಊರು. ಇಂಥ ಊರುಗಳಲ್ಲಿ ಹಿಂದಿನ ಕಾಲವು ಕಲ್ಲಿನಲ್ಲಿ ಮಾತ್ರವಲ್ಲದೆ ಜನರ ಮಾತಿನಲ್ಲಿಯೂ ಉಳಿದಿರುತ್ತದೆ. ರೋಗವನ್ನು ಕುರಿತ ನುಡಿಗಟ್ಟುಗಳು ಅಂಥವು. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ರೋಗಿಯು ದೊಡ್ಡ ಆಸ್ಪತ್ರೆಗೆ ಹೋಗುವಾಗ ಈ ನುಡಿಗಟ್ಟುಗಳನ್ನೂ ಜೊತೆಗೆ ಕೊಂಡೊಯ್ಯುತ್ತಾನೆ. ಮೂತ್ರಕೋಶದ ಕ್ಯಾನ್ಸರಿಗೆ ಜೀವಂತ ಬ್ಯಾಕ್ಟೀರಿಯಾವನ್ನೇ ಔಷಧವಾಗಿ ಕೊಡುವ ಚಿಕಿತ್ಸೆಯೊಂದು ಬಳಕೆಯಲ್ಲಿದೆ. ಅದನ್ನು ತಿಳಿಯುವಲ್ಲಿ ಜನಪದ ರೋಗಕಲ್ಪನೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಅಮ್ಮ ಮತ್ತು ಲಸಿಕೆ

ಕನ್ನಡ ಜನಪದರು ಸಿಡುಬನ್ನು 'ಅಮ್ಮ' ಎಂದು ಕರೆದರು. ಅಮ್ಮ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ಹಾಕದಿರುವುದು, ತಂಪಿನ ಆಹಾರ ಎಡೆ ಮಾಡುವುದು, ಕೊನೆಗೆ ಮರ್ಯಾದೆಯಿಂದ ಆಕೆಯನ್ನು ಕಳುಹಿಸಿಕೊಡುವುದು ರೂಢಿಯಲ್ಲಿದ್ದವು. ರೋಗವು ಕೇವಲ ಶತ್ರುವಲ್ಲ, ಅದರೊಂದಿಗೆ ಒಂದು ಬಗೆಯ ವ್ಯವಹಾರ ಸಾಧ್ಯ ಎಂಬ ಗ್ರಹಿಕೆ ಈ ಆಚರಣೆಯ ತಳದಲ್ಲಿದೆ. ಗೋವಿನ ಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದಿತು. ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು 1806ರಲ್ಲಿ ಅದನ್ನು ಹಾಕಿಸಿಕೊಂಡರು. ಹಗುರವಾದ ಬೇನೆಯಿಂದ ಘೋರವಾದ ಬೇನೆಯನ್ನು ತಡೆಯುವ ಈ ಕ್ರಮಕ್ಕೂ 'ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು' ಎಂಬ ಗಾದೆಗೂ ಇರುವ ಹೋಲಿಕೆ ಸ್ಪಷ್ಟವಾಗಿದೆ. ಸಿಡುಬು ವೈರಸ್ಸಿನಿಂದ ಬರುವಂಥದು, ಬ್ಯಾಕ್ಟೀರಿಯಾದಿಂದಲ್ಲ. ಆದರೂ ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ತತ್ತ್ವ ಎರಡು ಕಡೆಯೂ ಒಂದೇ.

ಕೋಲಿಯಿಂದ ಬಿ.ಸಿ.ಜಿ.ವರೆಗೆ

ಕ್ಯಾನ್ಸರ್ ಎಂಬ ಮುಳ್ಳಿಗೆ ಬ್ಯಾಕ್ಟೀರಿಯಾ ಎಂಬ ಮುಳ್ಳನ್ನು ಬಳಸುವ ಪ್ರಯತ್ನವನ್ನು ವ್ಯವಸ್ಥಿತವಾಗಿ ಮಾಡಿದವನು ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ. ಎರಿಸಿಪೆಲಸ್ ಎಂಬ ಚರ್ಮದ ಸೋಂಕಿನಿಂದ ತೀವ್ರ ಜ್ವರ ಬಂದ ರೋಗಿಯೊಬ್ಬನ ಕತ್ತಿನ ಗೆಡ್ಡೆ ಕರಗಿಹೋದ ಸಂಗತಿ ಆತನ ಗಮನ ಸೆಳೆಯಿತು. 1891ರಲ್ಲಿ ಆತ ಜೀವಂತ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನೇ ರೋಗಿಗೆ ಚುಚ್ಚಿದ. ಅಪಾಯವನ್ನು ಕಂಡು ಬಳಿಕ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ತಿರುಗಿದ. ಕೆಲವರಿಗೆ ಗುಣವಾಯಿತು, ಅನೇಕರಿಗೆ ಆಗಲಿಲ್ಲ. ಫಲಿತಾಂಶ ನಿಶ್ಚಿತವಾಗಿರಲಿಲ್ಲವಾದ್ದರಿಂದ, ವಿಕಿರಣ ಚಿಕಿತ್ಸೆ ಬೆಳೆದಂತೆ ಈ ವಿಧಾನ ಹಿಂದೆ ಸರಿಯಿತು.

ಅದೇ ತತ್ತ್ವವು ಮತ್ತೆ ನೆಲೆ ಕಂಡುಕೊಂಡದ್ದು ಬಿ.ಸಿ.ಜಿ. ಮೂಲಕ. ಫ್ರಾನ್ಸಿನ ಲೀಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಿನ್ ಎಂಬ ವಿಜ್ಞಾನಿಗಳು 1908ರಿಂದ 13 ವರ್ಷ, 230 ಬಾರಿ, ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು ಮರುಕೃಷಿ ಮಾಡಿ ಅದರ ರೋಗಕಾರಕ ಶಕ್ತಿಯನ್ನು ಕುಂದಿಸಿದರು. 1921ರಲ್ಲಿ ಮೊದಲ ಬಾರಿಗೆ ಅದನ್ನು ಮಗುವಿಗೆ ಕ್ಷಯದ ಲಸಿಕೆಯಾಗಿ ಕೊಡಲಾಯಿತು. ಭಾರತದಲ್ಲಿ 1948ರಿಂದ ಬಳಕೆಗೆ ಬಂದ ಈ ಲಸಿಕೆಯ ಗುರುತು ಇಂದು ಬಹುತೇಕ ಜನರ ಎಡತೋಳಿನ ಮೇಲಿದೆ. ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಒಂಬತ್ತು ರೋಗಿಗಳ ಮೂತ್ರಕೋಶಕ್ಕೆ ಬಿ.ಸಿ.ಜಿ. ತುಂಬಿಸಿ ಪಡೆದ ಫಲವನ್ನು ಪ್ರಕಟಿಸಿದರು. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಅಂಗೀಕರಿಸಿತು. ಸ್ನಾಯುಪದರಕ್ಕೆ ಇಳಿಯದ, ಆದರೆ ಮರುಕಳಿಸುವ ಭಯ ಹೆಚ್ಚಿರುವ ಮೂತ್ರಕೋಶದ ಕ್ಯಾನ್ಸರಿಗೆ ಇದು ಇಂದಿಗೂ ಪ್ರಮುಖ ಚಿಕಿತ್ಸೆಯಾಗಿದೆ.

ಚಿಕಿತ್ಸೆಯ ಕ್ರಮ ಸರಳವಾದುದು. ಮೊದಲು ಗೆಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಗಾಯ ಮಾಗಲು ಕನಿಷ್ಠ ಎರಡು ವಾರ ಬಿಟ್ಟು, ಸಣ್ಣ ನಳಿಕೆಯ ಮೂಲಕ ಬಿ.ಸಿ.ಜಿ. ದ್ರಾವಣವನ್ನು ಮೂತ್ರಕೋಶಕ್ಕೆ ಬಿಡುತ್ತಾರೆ. ರೋಗಿ ಅದನ್ನು ಸುಮಾರು ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ವಾರಕ್ಕೊಮ್ಮೆಯಂತೆ ಆರು ವಾರ ಕೊಟ್ಟ ಮೇಲೆ, ಅಗತ್ಯಕ್ಕೆ ತಕ್ಕಂತೆ ಒಂದರಿಂದ ಮೂರು ವರ್ಷ ನಡುನಡುವೆ ಮುಂದುವರಿಸುತ್ತಾರೆ. ಬ್ಯಾಕ್ಟೀರಿಯಾ ಒಳಗೋಡೆಗೆ ಅಂಟಿಕೊಂಡಾಗ ಅಲ್ಲಿನ ಜೀವಕೋಶಗಳು ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತವೆ. ಆ ಕರೆಗೆ ರಕ್ತದ ಬಿಳಿಕಣಗಳು ಗುಂಪಾಗಿ ಬಂದು ಬ್ಯಾಕ್ಟೀರಿಯಾದ ಜೊತೆಗೆ ಉಳಿದ ಕ್ಯಾನ್ಸರ್ ಜೀವಕೋಶಗಳ ಮೇಲೂ ಎರಗುತ್ತವೆ. ಹೀಗೆ ಕ್ಯಾನ್ಸರನ್ನು ಕೊಲ್ಲುವುದು ಮುಖ್ಯವಾಗಿ ದೇಹದ್ದೇ ಪಡೆ. ಬ್ಯಾಕ್ಟೀರಿಯಾದ ಕೆಲಸ ಆ ಪಡೆಯನ್ನು ಎಬ್ಬಿಸುವುದು.

ಹೋಲಿಕೆಯ ಮಿತಿ

ಗಾದೆಯು ಇಲ್ಲಿ ತಿಳಿವಳಿಕೆಗೆ ದಾರಿಯಾಗುತ್ತದೆ, ಚಿಕಿತ್ಸೆಗೆ ಪ್ರಮಾಣವಾಗುವುದಿಲ್ಲ. ಎಲ್ಲ ಮುಳ್ಳೂ ಮುಳ್ಳನ್ನು ತೆಗೆಯುವುದಿಲ್ಲ. ಹೊಟ್ಟೆಯಲ್ಲಿ ನೆಲೆಸುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವೇ ಜಠರದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಲಿಸ್ಟೀರಿಯಾ, ಸಾಲ್ಮೊನೆಲ್ಲಾಗಳನ್ನು ದುರ್ಬಲಗೊಳಿಸಿ ಕ್ಯಾನ್ಸರಿನ ವಿರುದ್ಧ ಬಳಸುವ ಯತ್ನಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಬಿ.ಸಿ.ಜಿ. ಕೂಡ ಎಲ್ಲರಿಗೂ ಹೊಂದುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರಿಗೆ, ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಹೋಗುತ್ತಿರುವಾಗ ಅದನ್ನು ಕೊಡುವುದಿಲ್ಲ.

ಜನಪದ ಕಲ್ಪನೆ ಅಡ್ಡಿಯಾಗುವ ಎಡೆಗಳು ಎರಡು. ಮೊದಲನೆಯದು 'ಕ್ಷಯ' ಎಂಬ ಹೆಸರು. ಕ್ಷಯದವರ ತಟ್ಟೆ ಲೋಟ ಬೇರೆ ಇಡುತ್ತಿದ್ದ ನೆನಪು ಇರುವ ಮನೆಗಳಲ್ಲಿ ಈ ಚಿಕಿತ್ಸೆಯ ಮಾತು ಅಂಜಿಕೆ ಹುಟ್ಟಿಸುವುದು ಸಹಜ. ಚಿಕಿತ್ಸೆ ಪಡೆದವರೊಂದಿಗೆ ಕೂತು ಉಣ್ಣುವುದರಿಂದ ರೋಗ ಅಂಟುವುದಿಲ್ಲ. ಚಿಕಿತ್ಸೆಯ ನಂತರ ಆರು ಗಂಟೆಗಳ ಕಾಲ ಶೌಚಾಲಯಕ್ಕೆ ಬ್ಲೀಚಿಂಗ್ ದ್ರಾವಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನೀರು ಸುರಿಯುವುದು ಮುಖ್ಯ ಎಚ್ಚರಿಕೆ. ಒಂದೆರಡು ದಿನ ಉರಿ, ಸಣ್ಣ ಜ್ವರ ಬರಬಹುದು. ಜ್ವರ ಏರಿ ನಿಂತರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಬಿಸಿಲಿನ ನಾಡಾದ ಈ ಸೀಮೆಯಲ್ಲಿ, ಕಬ್ಬಿನ ಗದ್ದೆಯಲ್ಲಿಯೋ ಗಣಿಯಲ್ಲಿಯೋ ದುಡಿಯುವವನಿಗೆ ಮೂತ್ರ ಕೆಂಪಾದರೆ 'ಉಷ್ಣ ಆಗೈತಿ' ಎಂಬ ವಿವರಣೆ ಸಿದ್ಧವಾಗಿರುತ್ತದೆ. ಎಳನೀರು, ಮಜ್ಜಿಗೆ ಕುಡಿದು ಎರಡು ದಿನಕ್ಕೆ ಕೆಂಪು ನಿಂತರೆ ಉಷ್ಣ ಇಳಿಯಿತೆಂದೇ ನಂಬಿಕೆ. ಮೂತ್ರಕೋಶದ ಕ್ಯಾನ್ಸರಿನ ಸ್ವಭಾವವೂ ಅದೇ. ನೋವಿಲ್ಲದೆ ರಕ್ತ ಕಾಣಿಸುತ್ತದೆ, ತಾನಾಗಿ ನಿಲ್ಲುತ್ತದೆ, ತಿಂಗಳುಗಳ ನಂತರ ಮರಳುತ್ತದೆ. ಈ ರೋಗದ ಮುಖ್ಯ ಕಾರಣ ಉಷ್ಣವಲ್ಲ, ಬೀಡಿ ಸಿಗರೇಟಿನ ಹೊಗೆ. ಉಷ್ಣದ ಹೆಸರಿನಲ್ಲಿ ಕಳೆದ ತಿಂಗಳುಗಳಲ್ಲಿ ಗೆಡ್ಡೆ ಸ್ನಾಯುಪದರಕ್ಕೆ ಇಳಿದರೆ ಬಿ.ಸಿ.ಜಿ.ಯ ಅವಕಾಶ ಕೈತಪ್ಪುತ್ತದೆ. ಆಗ ಮೂತ್ರಕೋಶವನ್ನೇ ತೆಗೆಯಬೇಕಾಗಿ ಬರಬಹುದು.

ಆದ್ದರಿಂದ ಜನಪದ ರೋಗಕಲ್ಪನೆಯನ್ನು ಮೂಢನಂಬಿಕೆಯೆಂದು ತಳ್ಳುವುದೂ, ಆಧುನಿಕ ವಿಜ್ಞಾನವೆಲ್ಲ ಅದರಲ್ಲಿತ್ತೆಂದು ಹೊಗಳುವುದೂ ಸಮಂಜಸವಲ್ಲ. ಮುಳ್ಳಿನ ಗಾದೆಯು ರೋಗಿಗೆ ಧೈರ್ಯ ಕೊಡಬಲ್ಲದು, ಉಷ್ಣದ ಮಾತು ಆತನ ಕಾಲವನ್ನು ಕಸಿಯಬಲ್ಲದು. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ಅದು ತಾನಾಗಿ ನಿಂತರೂ, ಪರೀಕ್ಷೆ ಮಾಡಿಸಲೇಬೇಕು. ಮುಳ್ಳು ಆಳಕ್ಕೆ ಇಳಿಯುವ ಮೊದಲೇ ತೆಗೆಯಬೇಕೆಂಬುದನ್ನು ಹೊಲದಲ್ಲಿ ದುಡಿಯುವವರಿಗೆ ಬೇರೆಯವರು ಹೇಳಿಕೊಡಬೇಕಾದುದಿಲ್ಲ.