ಗೇಟಿನಿಂದ ಕೋರ್ಟಿಗೆ: ಸುಧಾ ಭಾರದ್ವಾಜ್ ವಕೀಲೆಯಾದ ಬಗೆ

ಸುಧಾ ಭಾರದ್ವಾಜ್ ಕಾನೂನು ಪದವಿ ಪಡೆದದ್ದು 2000ದಲ್ಲಿ, ನಲವತ್ತರ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಛತ್ತೀಸಗಢದ ಕಾರ್ಮಿಕರ ನಡುವೆ ಅವರು ಸುಮಾರು ಹದಿನಾಲ್ಕು ವರ್ಷ ಕಳೆದಿದ್ದರು. ಆ ವರ್ಷಗಳನ್ನು ವಕೀಲಿಕೆಯ ತರಬೇತಿಯೆಂದೇ ಲೆಕ್ಕ ಹಿಡಿಯಬೇಕು ಎನ್ನುವುದು ನನ್ನ ವಾದ. ಸುಧಾ ಅವರ ತಾಯಿ ಕೃಷ್ಣಾ ಭಾರದ್ವಾಜ್ ಕಾರವಾರದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಕೇಂದ್ರವನ್ನು ಕಟ್ಟಿದ ವಿದ್ವಾಂಸೆ. ಮಗಳು ಹುಟ್ಟಿದ್ದು 1961ರಲ್ಲಿ, ಅಮೆರಿಕದಲ್ಲಿ. ಕಾನ್ಪುರದ ಐಐಟಿಯಲ್ಲಿ ಗಣಿತ ಓದಿದ ಸುಧಾ, ಹುಟ್ಟಿನಿಂದ ಬಂದ ಅಮೆರಿಕದ ಪೌರತ್ವವನ್ನು ಬಿಟ್ಟುಕೊಟ್ಟು, ಶಂಕರ್ ಗುಹಾ ನಿಯೋಗಿ ಕಟ್ಟಿದ ಕಾರ್ಮಿಕ ಸಂಘಟನೆ ಛತ್ತೀಸಗಢ ಮುಕ್ತಿ ಮೋರ್ಚಾ ಸೇರಿದರು. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅದಿರು ಒದಗಿಸುವ ದಲ್ಲಿ ರಾಜಹರಾದ ಗಣಿ ಕಾರ್ಮಿಕರು ತಮ್ಮದೇ ಹಣ, ದುಡಿಮೆ ಹಾಕಿ ಶಹೀದ್ ಆಸ್ಪತ್ರೆ ನಿಲ್ಲಿಸಿದ್ದ ಕಾಲ ಅದು.

1991ರ ಸೆಪ್ಟೆಂಬರ್ 28ರಂದು ಭಿಲಾಯಿಯಲ್ಲಿ ಮಲಗಿದ್ದ ನಿಯೋಗಿಯವರನ್ನು ಗುಂಡಿಟ್ಟು ಕೊಂದರು. ಮರುವರ್ಷ ಜುಲೈ 1ರಂದು ರೈಲು ಹಳಿಯ ಮೇಲೆ ಕುಳಿತ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೆಳಗಿನ ನ್ಯಾಯಾಲಯ ನಿಯೋಗಿ ಹತ್ಯೆಯಲ್ಲಿ ಉದ್ಯಮಿಗಳನ್ನೂ ತಪ್ಪಿತಸ್ಥರೆಂದಿತು. ಹೈಕೋರ್ಟ್ ಎಲ್ಲರನ್ನೂ ಬಿಟ್ಟಿತು. 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಶಿಕ್ಷೆ ಉಳಿದದ್ದು ಗುಂಡು ಹಾರಿಸಿದವನೊಬ್ಬನಿಗೆ ಮಾತ್ರ. ಈ ನಡುವೆ ಕೆಲಸದಿಂದ ತೆಗೆದುಹಾಕಲ್ಪಟ್ಟವರ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದವು. ಕಂಪನಿಗಳ ದೊಡ್ಡ ವಕೀಲರೆದುರು ನಿಲ್ಲಲು ನಂಬಿಕೆಯ ವಕೀಲರು ಬೇಕು, ನೀವೇ ಓದಿ ಎಂದು ಸಂಘದವರೇ ಒತ್ತಾಯಿಸಿದರೆಂದು ಸುಧಾ ಹೇಳಿದ್ದಾರೆ. ಕರಿಕೋಟು ಅವರ ಮೈಮೇಲೆ ಬಂದದ್ದು ಸಂಘದ ಅಗತ್ಯದಿಂದ.

ಸಂಘದಲ್ಲೇ ಬೆಳೆದವರಿಗೆ ವಕೀಲರಿಗೆ ಬೇಕಾದ ದೂರ ಎಲ್ಲಿಂದ ಬರಬೇಕು, ಕಕ್ಷಿದಾರರ ಸಿಟ್ಟನ್ನೇ ವಾದವಾಗಿ ಮಂಡಿಸುವ ಅಪಾಯವಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ಕ್ಷೇತ್ರದ ಕಾನೂನೇ ಸಂಘದವರನ್ನು ಒಳಗೆ ಕರೆದಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಮಿನ ಪ್ರಕಾರ ಕಾರ್ಮಿಕರ ಪರ ಸಂಘದ ಪದಾಧಿಕಾರಿ ವಾದಿಸಬಹುದಿತ್ತು. ವಕೀಲರಿಗಾದರೋ ಎದುರು ಪಕ್ಷದ ಒಪ್ಪಿಗೆಯೂ ಬೇಕಿತ್ತು, ನ್ಯಾಯಮಂಡಳಿಯ ಅನುಮತಿಯೂ ಬೇಕಿತ್ತು. ಅದಕ್ಕಿಂತ ಬಲವಾದ ಕಾರಣ ಸಾಕ್ಷ್ಯದ್ದು. ಸುಧಾ ವಕೀಲೆಯಾದ ಮರುವರ್ಷವೇ, ಭಿಲಾಯಿ ಕಾರ್ಖಾನೆಯ ಒಡೆತನ ಹೊಂದಿರುವ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಂತಾನೇ ಕಾಯಂ ಆಗುವುದಿಲ್ಲ ಎಂದಿತು. ಗುತ್ತಿಗೆ ಬರೀ ಹೆಸರಿನದು, ನಿಜವಾದ ಮಾಲೀಕ ಕಂಪನಿಯೇ ಎಂದು ವಿಚಾರಣೆಯಲ್ಲಿ ತೋರಿಸಬೇಕಾಯಿತು. 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಗೆ ಸಂಬಂಧಿಸಿದ ಪ್ರಕರಣದಲ್ಲಿ, ವರ್ಷಕ್ಕೆ 240 ದಿನ ದುಡಿದೆನೆಂದು ರುಜುವಾತು ಮಾಡುವ ಹೊಣೆಯನ್ನೂ ಕೋರ್ಟು ಕಾರ್ಮಿಕನ ಮೇಲೆಯೇ ಇಟ್ಟಿತು. ಹಾಜರಿ ಪುಸ್ತಕ ಇರುವುದು ಮಾಲೀಕನ ಬೀರುವಿನಲ್ಲಿ! ಮೇಸ್ತ್ರಿಗೆ ಆದೇಶ ಕೊಡುತ್ತಿದ್ದವರಾರು, ಗುತ್ತಿಗೆದಾರ ಬದಲಾದರೂ ಅದೇ ಆಳುಗಳು ಅದೇ ಯಂತ್ರದ ಮುಂದೆ ಎಷ್ಟು ವರ್ಷ ನಿಂತರು, ಗೇಟ್ ಪಾಸಿಗೆ ಸಹಿ ಯಾರದು ಎಂಬುದನ್ನು ಗೇಟಿನ ಬಳಿ ಕಾಲ ಕಳೆದವರು ಬಲ್ಲರು. ಯಾವ ದಾಖಲೆ ತರಿಸಬೇಕೆಂದು ಕೇಳಲಾದರೂ ಅಂಥ ದಾಖಲೆ ಇದೆಯೆಂದು ಗೊತ್ತಿರಬೇಕಲ್ಲ.

ಇದು ಅಪರೂಪದ ತ್ಯಾಗದ ಕಥೆ, ಅನುಸರಿಸಬಲ್ಲ ದಾರಿಯಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ಒಪ್ಪುತ್ತೇನೆ. ಐಐಟಿ ಪದವಿಯೂ ವಿದ್ವಾಂಸೆ ತಾಯಿಯೂ ಇದ್ದವರಿಗೆ ಸಿಕ್ಕ ಆಯ್ಕೆ ಗಣಿಯ ಹುಡುಗಿಗೆ ಸಿಗುವುದಿಲ್ಲ. ಆದರೆ ಸುಧಾ ಅವರ ಪೌರತ್ವದ ನಿರ್ಧಾರವನ್ನು ಅನುಕರಿಸಬೇಕಿಲ್ಲ. ಕಾನೂನು ವಿದ್ಯಾರ್ಥಿಗಳು ಸಂಘದ ಕಚೇರಿಯಲ್ಲಿ ಕುಳಿತು ದೂರು ಬರೆಯಲು, ವೇತನ ಚೀಟಿ ಓದಲು ಕಲಿಯುವುದು ಯಾವ ಊರಿನಲ್ಲೂ ಸಾಧ್ಯ. ಬಿಲಾಸಪುರದ ಹೈಕೋರ್ಟಿನಲ್ಲಿ ವಾದಿಸತೊಡಗಿದ ಸುಧಾ, ಬಡವರ ಮೊಕದ್ದಮೆ ನಡೆಸಲು ಜನಹಿತ ಎಂಬ ವಕೀಲರ ಬಳಗವನ್ನು ಕಟ್ಟಿದ್ದೂ ಇಂಥ ಕೆಲಸವನ್ನು ಹಲವರು ಹಂಚಿಕೊಳ್ಳಲೆಂದೇ. 2018ರ ಆಗಸ್ಟಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರ ಬಂಧನವಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದಾರೆ. ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ ಅವರಿಗೆ 2021ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಪ್ರಕರಣದ ಅಂತಿಮ ತೀರ್ಮಾನ ಕೋರ್ಟಿಗೆ ಸೇರಿದ್ದು. ಆದರೆ ಅವರು ಬಿಲಾಸಪುರದಿಂದ ದೂರವಾದಾಗ ಅಲ್ಲಿನ ಗುತ್ತಿಗೆ ಕಾರ್ಮಿಕರು ಕಳೆದುಕೊಂಡದ್ದು ಕಡತಗಳ ಜೊತೆಗೆ ಆ ಕಡತಗಳ ಹಿಂದಿನ ಕಾರ್ಖಾನೆಯನ್ನೂ ಬಲ್ಲ ವಕೀಲೆಯನ್ನು.